ಹಿಂದಿನ ಮುಖ

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಮುದುಕರಿದ್ದರು. ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ, ಯಾರೇನೆಂದರೂ “ಇರ್ಲಿ ಬಿಡಿ” ಎನ್ನುತ್ತಿದ್ದರು.

ಸಂತರೊಬ್ಬರ ಕಥೆಯ ಸಿನಿಮಾದಲ್ಲಿ ಆ ಸಂತರಾಗಿ ನಟಿಸಿದವನ ಚಿತ್ರಕ್ಕೇ ಕಟ್ಟು ಹಾಕಿಸಿ ಅಮ್ಮ ದಿನವೂ ಪೂಜಿಸುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅದೇ ಕಥೆಯನ್ನು ಹೊಸ ನಟನೊಂದಿಗೆ ಮತ್ತೆ ತೆಗೆದರು. “ಆ ಮುಖ ಬಿಟ್ಟು ಬೇರೆ ಮುಖಾನಾ?” ಎಂದು ಬೀದಿಯೆಲ್ಲ ಗೊಣಗಿತು. ಅಮ್ಮ ಮಾತ್ರ ಸಿನಿಮಾ ನೋಡಿ, ಅತ್ತು, ಹೊಸ ಚಿತ್ರ ಹಿಡಿದು ಮುದುಕರ ಬಳಿ ಹೋದಳು.

“ಹಳೇದು ತೆಗೆದು ಇದನ್ನ ಹಾಕ್ಕೊಡಿ.”

“ಅವರೂ ಇರ್ಲಿ ಬಿಡಮ್ಮ.”

“ಒಬ್ಬರಿಗೆ ಎರಡು ಮುಖ ಇರತ್ತಾ?”

ಮುದುಕರು ಕಟ್ಟು ಬಿಚ್ಚಿದರು.

ಅವರು ತೀರಿಕೊಂಡ ಮೇಲೆ ಒಂದು ದಿನ ಪಟ ಬಿದ್ದು ಗಾಜು ಒಡೆಯಿತು. ಹೊಸ ಮುಖದ ಹಿಂದೆ ಹಳೆಯದು ಮಡಿಕೆಯೂ ಬೀಳದೆ ಕೂತಿತ್ತು. ನಾನು ಅದನ್ನು ತೆಗೆದಿಡಲು ಹೋದೆ.

“ತೆಗೀಬೇಡ ಕಣೋ,” ಎಂದಳು ಅಮ್ಮ. “ಇಷ್ಟು ದಿನ ಇಬ್ಬರಿಗೂ ಪೂಜೆ ಮಾಡಿಸಿದಾರೆ ನನ್ನ ಕೈಲಿ.”