ಖಾಲಿ ಗಾಡಿ ತುಂಬಿಸುವ ಚಲುವಮ್ಮ

ಬೆಳ್ಳೂರು ಕ್ರಾಸಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಸನದ ಕಡೆ ಹೋಗುವ ಲಾರಿಗಳು ದೀಪ ಆರಿಸಿಲ್ಲ, ಹೋಟೆಲಿನವರು ಮೊದಲ ಒಬ್ಬೆ ಇಡ್ಲಿ ಇಳಿಸಿಲ್ಲ. ನಾಗಮಂಗಲದ ರಸ್ತೆ ಕವಲೊಡೆಯುವ ಮೂಲೆಯ ಹೊಂಗೆಮರದಡಿ ಚಲುವಮ್ಮ ಮಾತ್ರ ಆಗಲೇ ಗೋಣಿತಾಟು ಹಾಸಿ ಕೂತಿದ್ದಾರೆ. ಮುಂದೆ ಒಂದು ಮಂಕರಿ ಸೇವಂತಿಗೆ, ಪಕ್ಕದಲ್ಲಿ ನೀರಲ್ಲಿ ನೆನೆದ ಬಾಳೆನಾರು. ಬೆರಳು ಹೂವಿನ ಮೇಲೆ, ಕಣ್ಣು ರಸ್ತೆಯ ಮೇಲೆ.

ಬಿಳಿ ಅಂಬಾಸಿಡರೊಂದು ಬಂದು ನಿಲ್ಲುತ್ತದೆ. ಕೆ.ಆರ್. ಪೇಟೆಯ ಡ್ರೈವರ್ ಹೊನ್ನಪ್ಪ ಇಳಿದು, ಬಾನೆಟ್ಟಿಗೊಂದು ಹಾರ, ಒಳಗಿನ ದೇವರ ಪಟಕ್ಕೊಂದು ಮೊಳ ಹೂ ಕೇಳುತ್ತಾರೆ. ಹಿಂದಿನ ಸೀಟಿನಲ್ಲಿ ಕೋಟು ತೊಟ್ಟ ಇಬ್ಬರು ತೂಕಡಿಸುತ್ತಿದ್ದಾರೆ.

"ಎಲ್ಲಿಗ್ಲಾ ಹೊಂಟೆ?" ಚಲುವಮ್ಮ ಹೂ ಅಳೆಯುತ್ತಲೇ ಕೇಳುತ್ತಾರೆ.

"ಬೆಂಗ್ಳೂರ್ಗೆ ಕಣಕ್ಕ. ಇವ್ರನ್ನ ಬುಟ್ಟು ಬರದು."

"ವಾಪಸ್ಸು?"

"ಸಂಜೆ ನಾಕಕ್ಕೆ ಇಲ್ಲಿರ್ತೀನಿ. ಖಾಲಿನೇ."

"ಖಾಲಿ ಯಾಕ್ಲಾ ಬತ್ತೀಯ? ಹೊಸಹೊಳಲಿನ ಮುದ್ಕಮ್ಮ ಒಬ್ರು ಕಣ್ಣಾಪರೇಸನ್ ಮಾಡಿಸ್ಕಂಡವ್ರೆ. ಕಣ್ಗೆ ಪಟ್ಟಿ ಕಟ್ಟೈತೆ, ಬಸ್ಸಿನ ನೂಕಾಟಕ್ಕೆ ಆಗಲ್ಲ. ಇಲ್ಲೇ ಕೂರಿಸಿರ್ತೀನಿ, ಕರ್ಕೊಂಡೋಗು."

ಹೊನ್ನಪ್ಪ ತಲೆಯಾಡಿಸಿ, ಹೂವಿನ ಕಾಸು ಕೊಟ್ಟು ಹೊರಡುತ್ತಾರೆ. ಅಷ್ಟೇ. ರಸೀತಿಯಿಲ್ಲ, ಕಮಿಷನ್ನಿಲ್ಲ. ಕಣ್ಣು ಕಟ್ಟಿಸಿಕೊಂಡ ಅಜ್ಜಿಗೆ ಕಾರು ಗೊತ್ತುಮಾಡಿದ್ದಾಯಿತು, ಅದೂ ಅರ್ಧಕ್ಕಿಂತ ಕಡಿಮೆ ಬಾಡಿಗೆಗೆ.

ಕಾರು ಬಾಡಿಗೆಗೆ ಹಿಡಿದು ಕೈ ಸುಟ್ಟುಕೊಂಡವರಿಗೆ ಈ ಮಾತಿನ ಬೆಲೆ ಗೊತ್ತು. ಹೋಗುವವರು ಒಂದೇ ದಾರಿ ಹೋದರೂ ಕಾರು ತನ್ನೂರಿಗೆ ಮರಳಲೇಬೇಕು, ಆ ಮರಳುವ ದಾರಿಯ ಡೀಸೆಲ್ಲೂ ಹೋದವರ ತಲೆಗೇ ಬೀಳುತ್ತದೆ. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಕಾರು ಮಾಡಿಕೊಂಡರೆ ನಾನೂರು ರೂಪಾಯಿಗೆ ಕಡಿಮೆಯಿಲ್ಲ. ಅದೇ ಪಟ್ಟಣದ ಕಾರೊಂದು ಯಾರನ್ನೋ ಇಳಿಸಿ ಖಾಲಿ ಹಿಂತಿರುಗುತ್ತಿದ್ದರೆ ನೂರೈವತ್ತಕ್ಕೆ ಡ್ರೈವರ್ ನಗುನಗುತ್ತಾ ಬಾಗಿಲು ತೆಗೆಯುತ್ತಾನೆ. ಆದರೆ ಯಾವ ಕಾರು, ಯಾವ ಊರಿಂದ, ಯಾವ ಹೊತ್ತಿಗೆ ಖಾಲಿ ಬರುತ್ತದೆಂದು ರಸ್ತೆಬದಿಯಲ್ಲಿ ಗಂಟುಮೂಟೆ ಹೊತ್ತು ನಿಂತವರಿಗೆ ಗೊತ್ತಾಗುವುದು ಹೇಗೆ? ಹೂವಿನ ಚಲುವಮ್ಮನಿಗೆ ಗೊತ್ತಾಗುತ್ತದೆ. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಈ ನಾಲ್ಕೂ ಊರಿನ ಡ್ರೈವರುಗಳು ಈ ಮೂಲೆಯಲ್ಲಿ ಹೂವಿಗೆ ನಿಲ್ಲುತ್ತಾರೆ.

"ದೇವ್ರಿಗೆ ಹೂ ತಗಳೋವಾಗ ಯಾವನ್ಗೂ ಸುಳ್ಳೇಳಕ್ಕೆ ಬಾಯ್ ಬರಲ್ಲ. ಅದ್ಕೇ ಆಗ್ಲೇ ಕೇಳ್ಬುಡ್ತೀನಿ" ಎಂದು ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

ಚಲುವಮ್ಮನಿಗೆ ಈಗ ಐವತ್ತೆರಡು. ತವರು ಶೀಳನೆರೆ, ಕೊಟ್ಟ ಊರು ಬೆಳ್ಳೂರು. ಗಂಡ ತಮ್ಮಯ್ಯಾಚಾರಿ ಎತ್ತಿನ ಗಾಡಿ ಮಾಡುವ ಬಡಗಿ. ಒಂದು ಕಾಲಕ್ಕೆ ಅವರ ಕೈಯ ಚಕ್ರವೆಂದರೆ ಸುತ್ತಿನ ಹಳ್ಳಿಗಳಲ್ಲಿ ಎರಡು ಮಾತಿರಲಿಲ್ಲ. ಟೈರಿನ ಗಾಡಿ ಬಂತು, ಹಿಂದೆಯೇ ಟ್ರಾಕ್ಟರು ಬಂತು, ಮರದ ಚಕ್ರ ಕೇಳುವವರು ಇಲ್ಲವಾದರು. ಬಾಗಿಲು, ಕಿಟಕಿ, ನೇಗಿಲು ರಿಪೇರಿ ಎಂದು ಸಿಕ್ಕ ಕೆಲಸದಲ್ಲಿ ತಮ್ಮಯ್ಯಾಚಾರಿ ದಿನ ದೂಡತೊಡಗಿದಾಗ ಹೆಂಡತಿ ಹೂವಿನ ಮಂಕರಿ ಹೊತ್ತರು. ಗಂಡ ಗಾಡಿ ಮಾಡಿದ, ಹೆಂಡತಿ ಗಾಡಿಗೆ ಹಾರ ಹಾಕಿದಳು ಎಂದು ಊರವರು ತಮಾಷೆ ಮಾಡುತ್ತಾರೆ. ಆ ತಮಾಷೆಗೆ ಗಂಡಹೆಂಡಿರಿಬ್ಬರೂ ನಗುತ್ತಾರೆ.

ದಿನಕ್ಕೆ ಮೂವತ್ತು ಹಾರ ಹೋದರೆ ಒಳ್ಳೆಯ ದಿನ. ಮದುವೆ ಕಾಲದಲ್ಲಿ ಇನ್ನೂ ಹೆಚ್ಚು, ಮಳೆ ಹಿಡಿದರೆ ಹತ್ತೂ ಇಲ್ಲ. ಹೂ ಉಳಿದರೆ ಸಂಜೆಗೆ ಅದು ಕಸ. ಸಾಲದ್ದಕ್ಕೆ ಕಾರು ಸ್ಟ್ಯಾಂಡಿನ ಕೆಲವರು ಮೊದಮೊದಲು ಜಗಳಕ್ಕೆ ಬಂದದ್ದೂ ಉಂಟು. ನಮ್ಮ ಬಾಡಿಗೆಗೆ ಕಲ್ಲು ಹಾಕುತ್ತೀಯ ಎಂದು ಒಬ್ಬ ಹೂವಿನ ಮಂಕರಿಯನ್ನೇ ಒದ್ದಿದ್ದ. "ನಿಂಗೂ ಖಾಲಿ ಬರೋ ದಿನ ಬತ್ತದೆ ಕಣ್ಲಾ, ಆಗ ಬಾ ಅಂದೆ. ಮೂರೇ ದಿನಕ್ಕೆ ಬಂದ. ಬುಡು, ಅವನೂ ಹೊಟ್ಟೆಪಾಡಿನೋನೇ" ಎನ್ನುತ್ತಾರೆ ಚಲುವಮ್ಮ, ಮಂಕರಿ ಒದೆಸಿಕೊಂಡದ್ದು ಬೇರೆ ಯಾರೋ ಎಂಬ ಹಾಗೆ.

ಹಣ ಉಳಿಸುವ ಬುದ್ಧಿಮಾತು ಅವರ ಬಳಿ ಹೂವಿನ ಜೊತೆ ಪುಕ್ಕಟೆ ಸಿಗುತ್ತದೆ. ದೇವಸ್ಥಾನ ನೋಡುವ ಆಸೆಯಿದ್ದರೆ ಆಷಾಢದಲ್ಲಿ ಹೋಗಿ, ಮದುವೆಗಳಿಲ್ಲದೆ ಕಾರುಗಳು ನಿಂತಲ್ಲೇ ನಿಂತಿರುತ್ತವೆ, ಕರೆದಷ್ಟಕ್ಕೆ ಬರುತ್ತವೆ. ಕಾಯಿಸುವ ಹೊತ್ತಿಗೆ ಎಷ್ಟೆಂದು ಹತ್ತುವ ಮೊದಲೇ ಮಾತಾಡಿ, ಇಳಿದ ಮೇಲೆ ಆಡುವುದು ಮಾತಲ್ಲ, ಜಗಳ. ಬುತ್ತಿ ಕಟ್ಟುವಾಗ ಡ್ರೈವರಿಗೂ ಒಂದು ಮುದ್ದೆ ಕಟ್ಟಿ. ಹೊಟ್ಟೆ ತುಂಬಿದ ಡ್ರೈವರು ಒಂದು ಊರು ಹೆಚ್ಚು ಸುತ್ತಿಸಿದರೂ ಗೊಣಗುವುದಿಲ್ಲ.

ಒಂದೇ ಕಡೆಗೆ ಹೊರಟ ಎರಡು ಸಂಸಾರಗಳನ್ನು ಒಂದೇ ವ್ಯಾನಿಗೆ ಸೇರಿಸುವುದೂ ಅವರ ಕೈಚಳಕವೇ. ಅದರಲ್ಲಿ ಒಮ್ಮೆ ಎಡವಿದ್ದಾರೆ. ಮೇಲುಕೋಟೆಗೆ ಹೊರಟ, ಒಪ್ಪೊತ್ತಿನ ವ್ರತದಲ್ಲಿದ್ದ ಹಿರಿಯರನ್ನೂ ಬೀಗರೂಟ ಮುಗಿಸಿ ಪಾಂಡವಪುರಕ್ಕೆ ಮರಳುತ್ತಿದ್ದವರನ್ನೂ ಒಟ್ಟಿಗೆ ಕೂರಿಸಿದರು. ಜಕ್ಕನಹಳ್ಳಿಯ ತಿರುವಿನಲ್ಲಿ ಬೀಗರು ಕಟ್ಟಿಕೊಟ್ಟಿದ್ದ ಕ್ಯಾರಿಯರಿನ ಮುಚ್ಚಳ ಹಾರಿತು. ಕುರಿ ಸಾರು ನೇರ ತುಳಸಿಮಾಲೆಯ ಬುಟ್ಟಿಗೆ. ಆಮೇಲೆ ಏನಾಯಿತೆಂದು ಕೇಳಬಾರದು. ಅಂದಿನಿಂದ ಯಾರನ್ನಾದರೂ ಜೊತೆ ಮಾಡುವ ಮೊದಲು ಚಲುವಮ್ಮ ಕೇಳುವ ಮೊದಲ ಪ್ರಶ್ನೆ, "ಡಬ್ಬೀಲಿ ಏನೈತೆ?"

ಇಷ್ಟೆಲ್ಲ ಮಾಡುವ ಚಲುವಮ್ಮ ಒಂದು ವಿಷಯಕ್ಕೆ ಮಾತ್ರ ಬಾಯಿ ಹಾಕುತ್ತಿರಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸಲು ಹೊರಟವರು ಬಂದರೆ ಸುಮ್ಮನೆ ಹೂ ಕೊಟ್ಟು ಕಳಿಸುತ್ತಿದ್ದರು. ಕಾರಣ ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಖಾಲಿ ಮರಳುವ ಕಾರಿಗೆ ಇಲ್ಲಿ 'ವಾಪಸ್ ಗಾಡಿ' ಎಂದೇ ಹೆಸರು. ವಾಪಸ್ ಗಾಡಿಯಲ್ಲಿ ಕಳಿಸಿದ ಮಗಳು ವಾಪಸ್ ಬರುತ್ತಾಳೆ ಎಂಬ ಮಾತು ಯಾರು ಹುಟ್ಟಿಸಿದರೋ, ಸುತ್ತೂರಲ್ಲೆಲ್ಲ ಬೇರು ಬಿಟ್ಟಿದೆ. ಆಸ್ಪತ್ರೆಗೆ, ದೇವಸ್ಥಾನಕ್ಕೆ, ಕೋರ್ಟಿಗೆ ಹೋಗಲು ವಾಪಸ್ ಗಾಡಿ ನಡೆಯುತ್ತದೆ. ಹೆಣ್ಣು ಕಳಿಸಲು ನಡೆಯುವುದಿಲ್ಲ.

ತೊಂಬತ್ತೈದರ ಕಾರ್ತೀಕದಲ್ಲಿ ಆ ಮಾತು ಅವರ ಮನೆಬಾಗಿಲಿಗೇ ಬಂದು ನಿಂತಿತು. ಮಗಳು ರಂಜಿತ ಚೊಚ್ಚಲ ಬಾಣಂತನ ಮುಗಿಸಿದ್ದಳು. ಐದು ತಿಂಗಳ ಕೂಸು ಭೂಮಿಕಳನ್ನು ಕರೆದುಕೊಂಡು ಗಂಡನ ಮನೆಗೆ ಹೊರಡಬೇಕು. ಗಂಡನ ಮನೆ ಶ್ರೀರಂಗಪಟ್ಟಣದಲ್ಲಿ. ಅವರು ಚಿನ್ನಬೆಳ್ಳಿ ಕೆಲಸದವರು, ಪೇಟೆಬೀದಿಯಲ್ಲಿ ಸ್ವಂತ ಅಂಗಡಿ. ಬಡಗಿಯ ಮಗಳನ್ನು ತಂದುಕೊಂಡದ್ದೇ ದೊಡ್ಡತನ ಎಂದು ಆಡಿಕೊಳ್ಳುವ ನೆಂಟರು ಬೇರೆ. ಅಳಿಯ ಶಂಕರ್ ಬಂದು ತನ್ನ ತಾಯಿ ಸಿದ್ದಲಿಂಗಮ್ಮನವರ ಮಾತು ಮುಟ್ಟಿಸಿದ್ದ: ಕೂಸು ಬಾಣಂತಿಯನ್ನು ಬಸ್ಸಿನಲ್ಲಿ ತರಬೇಡಿ, ಕಾರಿನಲ್ಲೇ ಕರೆತನ್ನಿ.

ಕಾರೆಂದರೆ ನಾನೂರು, ಕಾಯಿಸುವುದಕ್ಕೆ ಮೇಲೆ ಐವತ್ತು. ಮೊಮ್ಮಗಳಿಗೆಂದು ತಾತ ಬೀಟೆಮರದಲ್ಲಿ ಮಾಡಿದ ತೊಟ್ಟಿಲು ಬೇರೆ ಸಾಗಬೇಕು. ಮಡಿಲಕ್ಕಿ, ಸೀರೆ, ಕೂಸಿನ ಬೆಳ್ಳಿಯ ಉಡಿದಾರ ಎಲ್ಲ ಆದ ಮೇಲೆ ಕೈಯಲ್ಲಿ ಉಳಿದದ್ದು ಇನ್ನೂರರ ಒಳಗೆ. ಅದೇ ವಾರ ಶ್ರೀರಂಗಪಟ್ಟಣದ ಡ್ರೈವರ್ ರಂಗಸ್ವಾಮಿ ಹೂ ಕೊಳ್ಳುತ್ತ, ಯಾರನ್ನೋ ತಿಪಟೂರಿಗೆ ಬಿಟ್ಟು ಗುರುವಾರ ಬೆಳಗ್ಗೆ ಖಾಲಿ ಬರುವುದಾಗಿ ಹೇಳಿ ಹೋದರು. ಚಲುವಮ್ಮ ಕೇಳಿದ್ದು ಎಂದಿನಂತೆಯೇ. ಉತ್ತರ ಸಿಕ್ಕಿದ ಮೇಲೆ ಕೈಯಲ್ಲಿದ್ದ ಹೂವಿನ ಲೆಕ್ಕ ತಪ್ಪಿತು.

"ಬ್ಯಾಡ ಬುಡು" ಎಂದರು ತಮ್ಮಯ್ಯಾಚಾರಿ. "ನಾಳೀಕೆ ಅತ್ತೆಸೊಸೆ ಒಂದ್ ಮಾತು ಬಂದ್ರೂ ನಿನ್ ವಾಪಸ್ ಗಾಡಿ ತಲೆಮ್ಯಾಲೇ ಬತ್ತದೆ."

"ಊರಿಗೆಲ್ಲ ಹತ್ಸೋ ಗಾಡಿ ನಮ್ಮನೇಗೆ ಆಗ್ಬಾರ್ದಾ?"

"ಊರಿಗೆ ಹತ್ಸಿದ್ದೀಯ. ಒಂದ್ ಹೆಣ್ಣಾದ್ರೂ ಕಳಿಸಿದ್ದೀಯಾ ಅದ್ರಲ್ಲಿ?"

ತಾವೂ ಆ ಮಾತನ್ನು ನಂಬಿಕೊಂಡು ಬಂದದ್ದು ಚಲುವಮ್ಮನಿಗೆ ಆಗಷ್ಟೇ ತಿಳಿಯಿತು. ಕೊನೆಗೆ ರಂಜಿತಳೇ ತೀರ್ಮಾನ ಹೇಳಿದಳು. "ಗಾಡಿ ವಾಪಸ್ ಓಯ್ತಿರೋದು ಅದ್ರ ಮನೇಗೆ ತಾನೇ ಅವ್ವಾ? ನಾನೂ ನನ್ ಮನೇಗೇ ಓಯ್ತಿರೋದು." ಹೇಳಿದ್ದು ಧೈರ್ಯವಾಗಿಯೇ, ಆದರೆ ಕೂಸಿನ ಕುಲಾವಿಯ ದಾರವನ್ನು ಎರಡು ಸಲ ತಪ್ಪು ಕಟ್ಟಿದಳು.

ಗುರುವಾರ ರಂಗಸ್ವಾಮಿ ಬಂದರು. ತೊಟ್ಟಿಲು ಕಾರಿನ ಮೇಲೆ ಕುಳಿತಿತು, ತಮ್ಮಯ್ಯಾಚಾರಿ ಸ್ವತಃ ಹಗ್ಗ ಬಿಗಿದರು. ನಿಮ್ಮ ಹತ್ತಿರ ಕಾಸು ಮುಟ್ಟಲಾರೆ ಎಂದು ರಂಗಸ್ವಾಮಿ ಎಷ್ಟು ಹೇಳಿದರೂ ಚಲುವಮ್ಮ ನೂರೈವತ್ತನ್ನು ಹತ್ತುವ ಮೊದಲೇ ಕೈಗಿಟ್ಟರು. ತಮಗಾಗಿ ಒಮ್ಮೆ ಪುಕ್ಕಟೆ ಹತ್ತಿದರೆ ನಾಳೆ ಬೇರೆಯವರಿಗಾಗಿ ಕೇಳುವ ಬಾಯಿ ಬಿದ್ದುಹೋಗುತ್ತದೆ ಎಂಬುದು ಅವರ ಲೆಕ್ಕ. ನಾಗಮಂಗಲ ದಾಟಿತು, ಪಾಂಡವಪುರ ದಾಟಿತು, ಕಬ್ಬಿನ ಗದ್ದೆಗಳು ಹಿಂದೆ ಸರಿದವು. ಕೂಸು ಹಾಯಾಗಿ ನಿದ್ದೆ ಹೋಯಿತು. ಅಜ್ಜಿ ಮಾತ್ರ ದಾರಿಯುದ್ದಕ್ಕೂ ಒಂದು ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದರು. ಯಾರಾದರೂ ಕೇಳಿದರೆ, ಬೆಳ್ಳೂರಿನಿಂದಲೇ ಕಾರು ಮಾಡಿಕೊಂಡು ಬಂದೆವು ಎನ್ನಬೇಕು.

ಆ ಸುಳ್ಳು ಬಾಗಿಲಲ್ಲೇ ಬಿದ್ದುಹೋಯಿತು. ಆರತಿ ತಟ್ಟೆ ಹಿಡಿದು ಬಂದ ಸಿದ್ದಲಿಂಗಮ್ಮ ಮೊದಲು ನೋಡಿದ್ದು ಕಾರನ್ನು. ಚಿಕ್ಕ ಊರು, ಯಾರ ಕಾರು ಯಾರಿಗೆ ಗೊತ್ತಿಲ್ಲ?

"ಏನೋ ರಂಗಸ್ವಾಮಿ, ನೀನೆಲ್ಲಿ ಸಿಕ್ದೆ ಇವ್ರಿಗೆ?"

ರಂಗಸ್ವಾಮಿ ಮುಗ್ಧ ಮನುಷ್ಯ. "ತಿಪಟೂರಿಂದ ಖಾಲಿ ಬತ್ತಿದ್ದೆ ಕಣಕ್ಕ" ಎಂದುಬಿಟ್ಟರು.

ಚಲುವಮ್ಮನಿಗೆ ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ. ನೂರಾರು ಜನರಿಗೆ ಹಣ ಉಳಿಸಿಕೊಟ್ಟು ತನ್ನ ಮಗಳ ಬಾಳಿಗೇ ಮಾತು ತಂದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಸಿದ್ದಲಿಂಗಮ್ಮ ಸೊಸೆಯ ಮಡಿಲಲ್ಲಿದ್ದ ಕೂಸನ್ನು ನೋಡಿದರು, ಕಾರಿನ ಮೇಲಿದ್ದ ತೊಟ್ಟಿಲನ್ನು ನೋಡಿದರು.

"ಖಾಲಿ ಬರೋನು ಮನೆ ತುಂಬುಸ್ಕಂಡು ಬಂದೆ. ಒಳ್ಳೇದಾಯ್ತು ಬುಡು" ಎಂದು ಆರತಿ ಎತ್ತಿದರು. ಆಮೇಲೆ ಬೀಗಿತ್ತಿಯ ಕಡೆ ತಿರುಗಿ, "ಶಂಕ್ರ ತೊಟ್ಲಿನ ಸುದ್ದಿ ಹೇಳಿದ್ದ. ಅದ್ನ ಬಸ್ಸಿನ ಮ್ಯಾಲಾಕಿದ್ರೆ ಕಾಲು ಮುರ್ಕೊಳದು ಅಂತ ಕಾರು ಅಂದಿದ್ದು ಕಣಮ್ಮ. ದುಡ್ಡು ಸುರೀರಿ ಅಂತಲ್ಲ. ಎಷ್ಟ್ ತಗಂಡ ಇವ್ನು?" ಎಂದರು.

ಆ ಹೊತ್ತನ್ನು ನೆನೆದರೆ ಚಲುವಮ್ಮನಿಗೆ ಈಗಲೂ ಕಣ್ಣು ತುಂಬುತ್ತದೆ. "ಹಿತ್ಲಿಗೋಗಿ ಮುಖ ತೊಳಿತೀನಿ ಅಂತ ಎದ್ದೋಗಿ ಚೆನ್ನಾಗಿ ಅತ್ಬುಟ್ಟೆ. ಬೆನ್ ಮೇಲಿನ ಮೂಟೆ ಇಳಿಸ್ದಂಗಾಯ್ತು. ಅವತ್ತು ಅವ್ರ ಮನೇಲಿ ಎರಡು ಮುದ್ದೆ ಉಂಡಿದ್ದೀನಿ, ನಾಚ್ಕೇನೂ ಆಗ್ಲಿಲ್ಲ."

ಅಲ್ಲಿಂದಾಚೆಗೆ ಹೆಣ್ಣು ಕಳಿಸುವವರಿಗೂ ಚಲುವಮ್ಮ ಕಾರು ಹುಡುಕಿಕೊಡುತ್ತಾರೆ. ಹಿಂದೆಮುಂದೆ ನೋಡುವವರಿಗೆ ಮಗಳ ಮಾತನ್ನೇ ಹೇಳುತ್ತಾರೆ. ವಾಪಸ್ ಗಾಡಿ ಎಂಬ ಹೆಸರನ್ನು ಬಿಟ್ಟು 'ಮನೆಗೋಗೋ ಗಾಡಿ' ಎನ್ನುತ್ತಾರೆ. ಕ್ರಾಸಿನ ಡ್ರೈವರುಗಳ ಬಾಯಲ್ಲೂ ಈಗ ಆ ಹೆಸರು ಓಡಾಡುತ್ತಿದೆ.

ಬಿಸಿಲೇರಿದೆ. ಮಂಕರಿಯಲ್ಲಿ ಹೂ ತಳ ಕಂಡಿದೆ. ಆದರೂ ಜನ ಆಡಿಕೊಂಡದ್ದು ಮನಸ್ಸಿನಲ್ಲಿ ಉಳಿದಿಲ್ಲವೇ ಎಂದು ಕೇಳಿದರೆ ಚಲುವಮ್ಮ ಮುಖ ಗಂಭೀರ ಮಾಡಿಕೊಳ್ಳುತ್ತಾರೆ. "ಜನ ಅಂದಂಗೇ ಆಯ್ತು ಬುಡಿ. ಮಗ್ಳು ವಾಪಸ್ ಬತ್ತಾವ್ಳೆ, ಬರೋ ಶುಕ್ರವಾರ."

ಕೇಳಿದವರ ಮುಖ ಬಾಡುವುದನ್ನು ಒಂದು ಗಳಿಗೆ ನೋಡಿ ಆನಂದಿಸಿ, ಆಮೇಲೆ ಸೇರಿಸುತ್ತಾರೆ: "ಎರಡ್ನೇ ಬಾಣಂತನಕ್ಕೆ."

ಈ ಸಲ ಕಾರು ಹುಡುಕುವ ಕೆಲಸ ಅವರಿಗಿಲ್ಲ. ಶ್ರೀರಂಗಪಟ್ಟಣದಿಂದ ಬೆಳ್ಳೂರಿನ ಕಡೆ ಖಾಲಿ ಮರಳುವ ಕಾರೊಂದನ್ನು ಸಿದ್ದಲಿಂಗಮ್ಮನೇ ಸ್ಟ್ಯಾಂಡಿಗೆ ಹೋಗಿ ಗೊತ್ತು ಮಾಡಿದ್ದಾರೆ. ರಂಗಸ್ವಾಮಿ ನಿನ್ನೆ ಹೂ ಕೊಳ್ಳುವಾಗ ಸುದ್ದಿ ಮುಟ್ಟಿಸಿದರು.

"ನೂರಿಪ್ಪತ್ತಕ್ಕೇ ಒಪ್ಸವ್ರಂತೆ ಕಣಪ್ಪ" ಎನ್ನುತ್ತಾ ಚಲುವಮ್ಮ ಕೊನೆಯ ಹಾರಕ್ಕೆ ಗಂಟು ಬಿಗಿಯುತ್ತಾರೆ. "ಇಷ್ಟ್ ವರ್ಸ ಇಲ್ಲಿ ಕುಂತು ನನ್ ಕೈಲೇ ಆಗಿಲ್ಲ ಅಷ್ಟ್ ಕಮ್ಮಿಗೆ. ನಮ್ ಬೀಗಿತ್ತಿ ನನ್ನೇ ಮೀರಿಸ್ಬುಟ್ರು."