ಪಲ್ಲಾವರಂ ತಾರಸಿಯಲ್ಲಿ ಎತ್ತಿದ ಕೈಗಳು

ತಮಿಳರ ಊರಿನಲ್ಲಿ ನಮ್ಮ ಕನ್ನಡ ಸಂಘಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಪಲ್ಲಾವರಂನಲ್ಲಿ ಕಾರ್ಯದರ್ಶಿಗಳ ಮನೆಯ ತಾರಸಿಗೆ ತಗಡಿನ ಮಾಡು ಹಾಕಿಸಿ, ಎರಡು ಫ್ಯಾನು ಇಳಿಬಿಟ್ಟು, ಅದನ್ನೇ ಸಭಾಂಗಣ ಎನ್ನುತ್ತಿದ್ದೆವು. ಸುಮಾರು ನಲವತ್ತು ಮನೆಯವರು ಸದಸ್ಯರು. ಹೆಚ್ಚಿನವರು ರೈಲ್ವೆ, ಬ್ಯಾಂಕು, ವಿಮೆ ಕಚೇರಿಗಳಲ್ಲಿ ದುಡಿದವರು. ತಿಂಗಳಿಗೊಂದು ಭಾನುವಾರ ಚರ್ಚಾಕೂಟ, ಆಮೇಲೆ ಊಟ. ಊಟಕ್ಕಾಗಿ ಬರುವವರು ಯಾರು, ಚರ್ಚೆಗಾಗಿ ಬರುವವರು ಯಾರು ಎಂದು ಯಾರೂ ವಿಚಾರಿಸುತ್ತಿರಲಿಲ್ಲ.

ಪಕ್ಕದ ನಿಲ್ದಾಣದ ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಸದ್ದು ಬಂದ ಕೂಡಲೇ ಕಾರ್ಯದರ್ಶಿಗಳು ಮೇಜಿನ ಗಡಿಯಾರದ ಮೇಲೆ ಅಂಗೈ ಮುಚ್ಚುತ್ತಿದ್ದರು, ಮಾತಾಡುವವರು ಬಾಯಿ ಮುಚ್ಚುತ್ತಿದ್ದರು. ಆ ಹೊತ್ತು ಭಾಷಣದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮಾತಿನ ಕೊನೆಗೆ ಕೈ ಎತ್ತಿಸುವುದು ಇನ್ನೊಂದು ರೂಢಿ. ಯಾರ ಪಕ್ಷ ಸರಿ ಎಂದಲ್ಲ, ಯಾರು ಚೆನ್ನಾಗಿ ಮಾತಾಡಿದರು ಎಂದು. ಕಾಫಿಯನ್ನು ನಿಷೇಧಿಸಬೇಕು ಎಂದು ವಾದಿಸಿದ ಒಬ್ಬರನ್ನು ಒಮ್ಮೆ ಒಕ್ಕೊರಲಿನಿಂದ ಗೆಲ್ಲಿಸಿ, ಕೂಡಲೇ ಎಲ್ಲರೂ ಕಾಫಿ ಕುಡಿದೆವು. ಅವರೂ ಕುಡಿದರು.

ನಾನು ಆಗ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದೆ. ಅದು ನನ್ನ ನಾಲ್ಕನೆಯ ಕಾಲೇಜು. ಎಲ್ಲಿಯೂ ನೆಲೆ ನಿಲ್ಲದವನಿಗೆ ಈ ತಾರಸಿಯಲ್ಲಿ ಮಾತ್ರ ಒಂದು ಹೆಸರಿತ್ತು. ನಾನು ಎದ್ದು ನಿಂತರೆ ಹಿಂದಿನ ಸಾಲಿನವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಹಾಗೆ ನೆನಪು. ನನಗೆ ಹಿತವಾಗುವ ನೆನಪುಗಳನ್ನು ನಾನೀಗ ಅಷ್ಟಾಗಿ ನಂಬುವುದಿಲ್ಲ.

ಆ ವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ಆರೋಗ್ಯ ಕಾನೂನಿನ ಬಗ್ಗೆ ತೀರ್ಪು ಕೊಟ್ಟಿತ್ತು. ಎಲ್ಲರೂ ವಿಮೆ ಮಾಡಿಸಬೇಕು, ಮಾಡಿಸದವರು ಸರ್ಕಾರಕ್ಕೆ ಹಣ ಕಟ್ಟಬೇಕು ಎನ್ನುವುದು ಆ ಕಾನೂನು. ಕೊಳ್ಳಲೇಬೇಕೆಂದು ಆಜ್ಞೆ ಮಾಡುವಂತಿಲ್ಲ, ಆದರೆ ಕೊಳ್ಳದವರು ಕಟ್ಟುವ ಹಣವನ್ನು ತೆರಿಗೆ ಎಂದು ತಿಳಿದರೆ ಕಾನೂನು ನಿಲ್ಲುತ್ತದೆ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು. ನಾಲ್ವರು ಒಪ್ಪಲಿಲ್ಲ.

ಇದನ್ನು ಚರ್ಚೆಗೆ ಇಡೋಣ ಎಂದವರು ನಮ್ಮ ಅಕ್ಕ. ವಿಮೆ ಕಚೇರಿಯಿಂದ ನಿವೃತ್ತರಾದ, ಧಾರವಾಡದ ಕಡೆಯ ಹೆಂಗಸು. ಸಂಘದಲ್ಲಿ ಎಲ್ಲರಿಗೂ ಅಕ್ಕ. ಅವರ ಮನಸ್ಸಿನಲ್ಲಿದ್ದುದು ಅಮೆರಿಕವಲ್ಲ. ಸಂಘದ ಎಲ್ಲ ಮನೆಗಳನ್ನೂ ಸೇರಿಸಿ ಒಂದು ಗುಂಪು ಪಾಲಿಸಿ ಮಾಡಿಸಲು ಅವರು ಒಂದು ಕಂಪನಿಯೊಂದಿಗೆ ಮಾತಾಡಿ ಬಂದಿದ್ದರು. ಹೆಚ್ಚುಕಡಿಮೆ ಎಲ್ಲ ಮನೆಯವರೂ ಸೇರಿದರೆ ಈಗಾಗಲೇ ಕಾಯಿಲೆ ಇರುವವರನ್ನೂ ಮೊದಲ ದಿನದಿಂದಲೇ ಒಪ್ಪಿಕೊಳ್ಳುತ್ತಾರೆ. ಹಲವರು ಸೇರದೆ ಉಳಿದರೆ ಇಲ್ಲ. ಅದಕ್ಕಾಗಿ ಸೇರದ ಮನೆಯವರಿಗೆ ವರ್ಷದ ಚಂದಾ ಹೆಚ್ಚಿಸಬೇಕು ಎನ್ನುವುದು ಅವರ ಸಲಹೆ. ಮೊದಲು ತೀರ್ಪಿನ ಮೇಲೆ ಚರ್ಚೆ, ಊಟದ ನಂತರ ಪಾಲಿಸಿಯ ತೀರ್ಮಾನ ಎಂದು ಕಾರ್ಯದರ್ಶಿಗಳು ಗೊತ್ತುಮಾಡಿದರು. ಕಂಪನಿಗೆ ಆ ತಿಂಗಳೊಳಗೆ ಉತ್ತರ ಕೊಡಬೇಕಿತ್ತು.

ಆ ಪಾಲಿಸಿ ಯಾರಿಗೆ ಬೇಕಿತ್ತು ಎಂದು ನನಗೆ ಗೊತ್ತಿತ್ತು. ಅಂಬತ್ತೂರಿನಲ್ಲಿ ಒಂದು ಚಿಕ್ಕ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಸ್ವಂತ ಲೇತು ಇಟ್ಟುಕೊಂಡಿದ್ದ ದಾವಣಗೆರೆಯ ಕಡೆಯವರೊಬ್ಬರು ಸದಸ್ಯರಾಗಿದ್ದರು. ಅವರ ಹೆಂಡತಿಗೆ ಮೂತ್ರಪಿಂಡದ ತೊಂದರೆ ಶುರುವಾಗಿತ್ತು. ತಾನೇ ಮಾಲೀಕ, ತಾನೇ ಕೆಲಸಗಾರ, ಹಾಗಾಗಿ ಕಾರ್ಖಾನೆಯ ಕೆಲಸಗಾರರಿಗಿರುವ ಸರ್ಕಾರಿ ವಿಮೆ, ಇಎಸ್‌ಐ ಇಲ್ಲ. ಬಡವರಿಗೆ ಸರ್ಕಾರ ಕೊಡುವ ವಿಮೆ ಕಾರ್ಡಿಗೆ ವರಮಾನ ಹೆಚ್ಚಾಯಿತು. ಒಂಟಿಯಾಗಿ ಹೋದರೆ ಯಾವ ಕಂಪನಿಯೂ ಕಾಯಿಲೆಯವರನ್ನು ಸೇರಿಸಿಕೊಳ್ಳುವುದಿಲ್ಲ. ಇದನ್ನೆಲ್ಲ ಅಕ್ಕನೇ ನನಗೆ ಹಿಂದಿನ ವಾರ ಫೋನಿನಲ್ಲಿ ಹೇಳಿದ್ದರು. "ನೀ ನನ್ನ ಕಡೆ ಮಾತಾಡು ತಮ್ಮಾ. ನನಗ ಹೇಳಾಕ ಬರತದ, ನಗಸಾಕ ಬರೂದಿಲ್ಲ" ಎಂದಿದ್ದರು.

ನಾನು ಎದುರು ಪಕ್ಷ ತೆಗೆದುಕೊಂಡೆ. ಚೀಟಿ ಎತ್ತಿದಾಗ ಅದು ನನ್ನ ಪಾಲಿಗೆ ಬಂತು ಎಂದು ಎಷ್ಟೋ ವರ್ಷ ಹೇಳುತ್ತಿದ್ದೆ. ಚೀಟಿ ಎತ್ತುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ ಎಂದು ಹೆಂಡತಿ ನೆನಪಿಸಿದ ಮೇಲೆ ಬಿಟ್ಟೆ. ಎದುರು ಪಕ್ಷದಲ್ಲಿ ತಮಾಷೆಗೆ ಜಾಗ ಹೆಚ್ಚಿತ್ತು. ಕಾರಣ ಅಷ್ಟೇ.

ಆ ದಿನ ಅಕ್ಕ ಒಂದು ಹಾಳೆ ಹಿಡಿದುಕೊಂಡು ತಲೆ ಎತ್ತದೆ ಓದಿದರು. ನಡುವೆ ವಿಮಾನ ಬಂತು. ಕಾರ್ಯದರ್ಶಿಗಳು ಗಡಿಯಾರ ಮುಚ್ಚಿದರು, ಆದರೆ ಅಕ್ಕ ನಿಲ್ಲಿಸಲಿಲ್ಲ. ಅವರು ಓದುತ್ತಿದ್ದುದು ಮುಖ್ಯವಾದ ಮಾತು: ಗಟ್ಟಿ ಇದ್ದವರು ಹೊರಗೆ ಉಳಿದರೆ ಕಾಯಿಲೆಯವರಿಗೆ ಒಳಗೆ ಜಾಗ ಸಿಗುವುದಿಲ್ಲ, ನಮ್ಮಲ್ಲಿಯೂ ಅಂಥ ಮನೆಗಳಿವೆ. ಸಭೆಗೆ ಅವರ ತುಟಿ ಆಡಿದ್ದು ಕಂಡಿರಬೇಕು, ಅಷ್ಟೇ. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ನನಗೆ ಪೂರ್ತಿ ಕೇಳಿಸಿತು. ಈ ಒಂದು ನೆನಪು ಮಾತ್ರ ಎಷ್ಟು ಉಜ್ಜಿದರೂ ಮಸುಕಾಗಿಲ್ಲ.

ನಾನು ಎದ್ದೆ. "ಹಾಗಲಕಾಯಿ ತಿಂದರೆ ಸಕ್ಕರೆ ಕಾಯಿಲೆಗೆ ಒಳ್ಳೇದು, ಹೌದಾ ಅಲ್ವಾ?"

"ಹೌದು ಹೌದು" ಎಂದರು ಮುಂದಿನ ಸಾಲಿನವರು.

"ನಾಳೆ ನಮ್ಮ ಕಾರ್ಯದರ್ಶಿಗಳು ದಿನಾ ಹಾಗಲಕಾಯಿ ತಿನ್ನಬೇಕು ಅಂತಾರೆ. ನೀವು ಬೇಡ ಅಂತೀರಿ. ಸರಿ, ಚಂದಾ ಜಾಸ್ತಿ ಕೊಡಿ ಅಂತಾರೆ. ದಂಡನಾ ಸ್ವಾಮಿ ಅಂತ ಕೇಳಿದರೆ, ಛೆ ಛೆ, ದಂಡ ಅಲ್ಲ, ಇದು ತೆರಿಗೆ ಅಂತಾರೆ!"

ವಿಮಾನ ಬರುವ ಮುಂಚೆ ನಗೆಯ ಮಾತನ್ನು ಬಿಟ್ಟು, ಅದು ದಾಟುವವರೆಗೂ ಜನ ನಗುವಂತೆ ಮಾಡುವ ವಿದ್ಯೆ ನನಗೆ ಕೈವಶವಾಗಿತ್ತು. ಅಂದೂ ಹಾಗೇ ಆಯಿತು. ಹಾಗಲಕಾಯಿ ಕೂಡ ನನ್ನದಲ್ಲ. ಅಲ್ಲಿನವರು ಬೇರೆ ಯಾವುದೋ ತರಕಾರಿ ಹೇಳಿ ವಾದಿಸಿದ್ದನ್ನು ಪತ್ರಿಕೆಯಲ್ಲಿ ಓದಿ, ನಮ್ಮ ಅಡುಗೆಮನೆಗೆ ತಂದಿದ್ದೆ. ಒಂಬತ್ತು ಜನ ದೊಡ್ಡ ನ್ಯಾಯಾಧೀಶರೇ ಒಮ್ಮತಕ್ಕೆ ಬರದ ಮೇಲೆ ನಾವು ಯಾರು ಇನ್ನೊಬ್ಬರ ಮನೆಯ ಮೇಲೆ ತೆರಿಗೆ ಹಾಕಲು ಎಂದು ಮುಗಿಸಿದೆ. ಆಗ ನನ್ನ ಕಾಲೇಜು ನನಗೂ ನನ್ನ ಮನೆಯವರಿಗೂ ವಿಮೆ ಮಾಡಿಸಿತ್ತು. ಅದನ್ನು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಅಕ್ಕನಿಗೆ ಮರುಮಾತಿಗೆ ಎರಡು ನಿಮಿಷ ಇತ್ತು. "ನೀ ಹಾಗಲಕಾಯಿ ಬಿಟ್ರ ನನ್ನ ಸಕ್ಕರಿ ಏರಂಗಿಲ್ಲಪಾ ತಮ್ಮಾ. ಇದು ಹಂಗಲ್ಲ" ಎಂದು ಶುರು ಮಾಡಿದರು. ಜನ ಇನ್ನೂ ನಗುತ್ತಿದ್ದರು. ಅವರು ಹಾಳೆ ಮಡಚಿ ಕುಳಿತರು.

ಕೈ ಎತ್ತಿಸಿದರು. ನನಗೆ ಮುಕ್ಕಾಲು ಸಭೆ. ಲೇತಿನವರು ಕೊನೆಯ ಸಾಲಿನಲ್ಲಿ ಎಡಗೈ ಎತ್ತಿದ್ದರು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ನನ್ನನ್ನು ನೋಡಿ ಮೆಚ್ಚಿ ನಗುತ್ತಿದ್ದರು.

ಅಷ್ಟು ಹೊತ್ತಿಗೆ ಕೆಳಗಿನಿಂದ ಬಿಸಿಬೇಳೆಬಾತಿನ ಡಬರಿ ಬಂದಿತ್ತು. ಊಟದ ನಂತರದ ತೀರ್ಮಾನದ ಮಾತನ್ನು ಯಾರೋ ಎತ್ತಿದರು. ಕಾರ್ಯದರ್ಶಿಗಳು, "ಕೈ ಎಣಿಸಿದ್ದಾಯ್ತಲ್ಲಪ್ಪಾ, ತಿರುಗಾ ಎದಕ್ಕೆ? ಅನ್ನ ಆರೋಗತ್ತೆ ಬನ್ನಿ" ಎಂದರು. ಜನ ನಕ್ಕು ಎದ್ದರು. ಮಾತಿಗೆ ಎತ್ತಿದ ಕೈಗಳು ಹಾಗೆಯೇ ಪಾಲಿಸಿಯ ವಿರುದ್ಧ ಎತ್ತಿದ ಕೈಗಳಾದವು. ಸಭೆಯಲ್ಲಿ ಎಷ್ಟು ಜನರಿಗೆ ಇದು ಹೊಳೆಯಿತೋ ಕಾಣೆ. ನನಗೆ ಹೊಳೆಯಿತು.

ನಾನು ಎದ್ದು ನಿಂತು, "ಇದು ಚರ್ಚೆಯ ಮತ, ಯೋಜನೆಯದ್ದಲ್ಲ" ಎಂದೆ. ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಇದು ನಾನು ಮುಂದೆ ಹಲವರ ಬಳಿ ಹೇಳಿಕೊಂಡ ಕಥೆ. ಎದ್ದದ್ದು, ಕುರ್ಚಿಯ ಬೆನ್ನು ಹಿಡಿದದ್ದು, ಬಾಯಿ ತೆರೆದದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಎಲೆಯ ಮುಂದೆ ಲೇತಿನವರು ನನ್ನ ಬಳಿ ಬಂದು, "ಭಾರಿ ಮಾತಾಡಿದ್ರಿ ಸಾರ್, ಹೊಟ್ಟೆ ಹುಣ್ಣಾತು" ಎಂದದ್ದೂ ನೆನಪಿದೆ. ಅಕ್ಕ ಊಟ ಮಾಡದೆ ಹೋದರು. "ಮಂದಿಗೆ ಬ್ಯಾಡಂದ್ರ ಬ್ಯಾಡ ಬಿಡ್ರಿ" ಎಂದಷ್ಟೇ ಕಾರ್ಯದರ್ಶಿಗಳಿಗೆ ಹೇಳಿದರಂತೆ. ತಿಂಗಳು ಮುಗಿಯಲು ಇನ್ನೂ ಎರಡು ವಾರವಿತ್ತು. ನಾನು ಯಾರಿಗೂ ಫೋನು ಮಾಡಲಿಲ್ಲ. ಮುಂದಿನ ವರ್ಷ ಅಕ್ಕ ಮಗಳ ಮನೆಗೆಂದು ಹುಬ್ಬಳ್ಳಿಗೆ ಹೋದರು.

ಲೇತಿನವರು ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದು ಕೇಳಿದೆ. ಅವರು ಲೇತು ಮಾರಿ, ಐವತ್ತು ದಾಟಿದ ಮೇಲೆ ಇನ್ನೊಬ್ಬರ ಕಾರ್ಖಾನೆಗೆ ಕೂಲಿಗೆ ಸೇರಿದರು. ಸಂಬಳಕ್ಕಲ್ಲ, ಇಎಸ್‌ಐ ಕಾರ್ಡು ಸಿಗಲಿ ಎಂದು. ಆ ಸುದ್ದಿ ಕೇಳಿದ ದಿನ ಬೆಸೆಂಟ್ ನಗರದ ಕಡಲದಂಡೆಯಲ್ಲಿ ಆ ತುದಿಯಿಂದ ಈ ತುದಿಗೆ ಕಾಲು ಸೋಲುವವರೆಗೆ ನಡೆದೆ. ಪಾಲಿಸಿ ಆಗಿದ್ದರೂ ಕಂಪನಿ ಏನಾದರೊಂದು ನೆಪ ಹೇಳುತ್ತಿತ್ತು ಎಂದು ವಾದ ಹೂಡಿಕೊಂಡೆ. ನನ್ನ ವಾದ ಎಷ್ಟು ಬೇಗ ಸಿದ್ಧವಾಯಿತು ಎಂದು ನನಗೇ ಅಸಹ್ಯವಾಯಿತು.

ಕಳೆದ ತಿಂಗಳು ಮನೆಯಲ್ಲಿ ನೆಂಟರ ಮುಂದೆ ನಾನು ಎದ್ದು ನಿಂತ ಕಥೆ ಹೇಳುತ್ತಿದ್ದಾಗ ಮಗಳು ತಮಿಳಿನಲ್ಲಿ, "ಅಪ್ಪಾ, ತಿರುಂಬವುಮಾ?" ಎಂದಳು, ಮತ್ತೆ ಅದೇ ಕಥೆಯಾ ಎನ್ನುವಂತೆ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತದೆ, "ನೀವು ಎದ್ದಿದ್ದು ಎಲೆ ಹಾಕಿದ್ರಾ ಅಂತ ನೋಡೋಕೆ. ನಾನು ಪಕ್ಕದಲ್ಲೇ ಇದ್ನಲ್ಲ" ಎಂದಳು.

ಮರುದಿನವೇ ಪಲ್ಲಾವರಂಗೆ ಹೋದೆ. ಕಾರ್ಯದರ್ಶಿಗಳಿಗೆ ಈಗ ಕಿವಿ ಮಂದ, ಆದರೆ ನಡಾವಳಿ ಪುಸ್ತಕಗಳನ್ನು ವರ್ಷಕ್ಕೊಂದರಂತೆ ಬಟ್ಟೆ ಕಟ್ಟಿ ಇಟ್ಟಿದ್ದಾರೆ. ಆ ದಿನದ ಪುಟ ಸಿಕ್ಕಿತು. ಅವರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: "ಇದು ಯೋಜನೆಗೆ ಕೊಟ್ಟ ಮತವೆಂದು ತಿಳಿಯಬೇಕೆ ಎಂದು ಸಲಹೆ ತಂದ ಶ್ರೀಮತಿಯವರು ಎದುರು ಪಕ್ಷದ ಭಾಷಣಕಾರರನ್ನು ಕೇಳಿದರು. ಉತ್ತರ ಬರಲಿಲ್ಲ. ಯೋಜನೆಯನ್ನು ಕೈಬಿಡಲಾಯಿತು."

ಅಕ್ಕ ನನ್ನನ್ನು ಕೇಳಿದ್ದರು. ಅದು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ನಡಾವಳಿಯೂ ಒಬ್ಬ ಮನುಷ್ಯನ ನೆನಪೇ, ಊಟದ ಆತುರದಲ್ಲಿ ಬರೆದದ್ದು, ತಪ್ಪಿರಬಹುದು. ಇಂಥ ಅನುಮಾನ ನನ್ನ ಓದಿನ ಫಲ. ಆದರೆ ನನ್ನ ನೆನಪು ನನಗೆ ಲಾಭ ತರುವ ಕಡೆಗೇ ತಪ್ಪುತ್ತಾ ಬಂದಿದೆ. ಕಾರ್ಯದರ್ಶಿಗಳಿಗೆ ಆ ಸಾಲು ಬರೆದು ಆಗಬೇಕಾದ ಲಾಭವೇನೂ ಇರಲಿಲ್ಲ.

ಮುಂದಿನ ಭಾನುವಾರ ಅಂಬತ್ತೂರಿಗೆ, ಲೇತಿನವರ ಮನೆಗೆ ಹೋದೆ. ತಪ್ಪಾಯಿತು ಎಂದು ಇಬ್ಬರ ಮುಂದೆಯೂ ಹೇಳಿಬಿಡುವುದು ಎಂದು ನಿಶ್ಚಯಿಸಿದ್ದೆ. ಬಸ್ಸಿನಲ್ಲಿ ವಾಕ್ಯಗಳನ್ನು ಕೂಡಿಸಿಕೊಂಡೆ. ಅದರಲ್ಲೂ ಯಾವುದು ಚೆನ್ನಾಗಿ ಕೇಳಿಸುತ್ತದೆ ಎಂದು ಆರಿಸುತ್ತಿದ್ದೇನೆ ಎಂದು ಗೊತ್ತಾಗಿ ನಿಲ್ಲಿಸಿದೆ.

ಅವರ ಹೆಂಡತಿ ಮಂಚದ ಮೇಲೆ ಒರಗಿ ಕುಳಿತಿದ್ದರು. ಮುಖ ಕಪ್ಪಿಟ್ಟಿತ್ತು, ಡಯಾಲಿಸಿಸ್ ಸೂಜಿ ಹಾಕುವ ಎಡಗೈಯ ನರ ಹಗ್ಗದಂತೆ ಉಬ್ಬಿತ್ತು. ನನ್ನನ್ನು ನೋಡಿ ಸಂತೋಷಪಟ್ಟರು. "ಇವ್ರು ಈಗ್ಲೂ ಹೇಳ್ತಿರ್ತಾರೆ, ನಿಮ್ಮಂಗೆ ಮಾತಾಡೋರು ಯಾರೂ ಇಲ್ಲ ಅಂತ. ಹಾಗಲಕಾಯಿ ಕಥಿ ನನಗೂ ಬಾಯಿಪಾಠ."

"ಮಾತು ಬಿಡಿ ಅಮ್ಮ" ಎಂದೆ. "ನಾನು ಬಂದದ್ದು ಒಂದು ವಿಷಯ ಹೇಳೋಕೆ. ಆ ದಿನ..."

"ನಾನೂ ನಿಮ್ಮನ್ನ ಒಂದು ಕೇಳ್ಬೇಕು ಅಂತಿದ್ದೆ ಸಾರ್" ಎಂದು ಆಕೆ ನಡುವೆ ಬಂದರು. "ಪಕ್ಕದ ಮನೆಯೋರು ಹೇಳ್ತಾರೆ, ಸಂಘದೋರೆಲ್ಲ ಸೇರಿ ಮಾಡ್ಸೋ ವಿಮೆ ಇರ್ತದಂತೆ, ಮೊದ್ಲೇ ಕಾಯಿಲೆ ಇದ್ರೂ ತಗಂತಾರಂತೆ. ಹಂಗಿದ್ದಿದ್ರೆ ಇವ್ರು ಲೇತ್ ಮಾರ್ತಿರ್ಲಿಲ್ಲ. ಇಷ್ಟೆಲ್ಲ ಓದ್ದೋರು ಇದ್ರಲ್ಲ ನಿಮ್ಮಲ್ಲಿ. ಒಬ್ರಿಗೂ ಹೊಳೀಲಿಲ್ವಾ?"

ಅವರ ಗಂಡ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಆಕೆಯ ಬೆನ್ನಿನ ಹಿಂದಿನಿಂದ ನನ್ನ ಕಡೆ ನೋಡಿ, ತಲೆಯನ್ನು ಒಮ್ಮೆ ಮೆಲ್ಲಗೆ ಅಡ್ಡ ಆಡಿಸಿದರು. ಬೇಡ ಎನ್ನುವಂತೆ. ಆ ಕೈ ಯಾವುದರ ವಿರುದ್ಧ ಎಣಿಕೆಯಾಯಿತು ಎಂದು ಅವರಿಗೆ ಆಮೇಲೆ ತಿಳಿದಿರಬೇಕು, ತಾನು ಕೈ ಎತ್ತಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ. ಇಷ್ಟು ವರ್ಷ ಹೇಳಿರಲಿಲ್ಲ.

"ಇಲ್ಲಮ್ಮ" ಎಂದೆ. "ಯಾರಿಗೂ ಹೊಳೀಲಿಲ್ಲ."

"ಹೋಗ್ಲಿ ಬಿಡಿ, ನಮ್ಮ ಹಣೆಬರ" ಎಂದರು ಆಕೆ. "ಏನೋ ಹೇಳ್ಬೇಕು ಅಂತಿದ್ರಿ?"

ಮುಂದಿನ ತಿಂಗಳು ಸಂಘದಲ್ಲಿ ಊಟವಿದೆ, ಬನ್ನಿ ಎಂದು ಕರೆಯಲು ಬಂದೆ ಎಂದೆ. ಅವರು ಕೊಟ್ಟ ಕಾಫಿ ಕುಡಿದೆ.

ಬಸ್ಸಿನವರೆಗೆ ಲೇತಿನವರು ಜೊತೆಗೆ ಬಂದರು. ಭಾನುವಾರವಾದ್ದರಿಂದ ಶೆಡ್ಡುಗಳು ಮುಚ್ಚಿದ್ದವು. ಒಂದು ಶೆಡ್ಡನ್ನು ತೋರಿಸಿ, "ಅದೇ ನಮ್ದು ಇದ್ದದ್ದು" ಎಂದರು. ಸ್ವಲ್ಪ ದೂರ ನಡೆದು, "ನೀವು ಹೇಳ್ಲಿಲ್ಲ, ಒಳ್ಳೇದಾತು ಸಾರ್. ಅವಳು ತಡ್ಕಂತಿರ್ಲಿಲ್ಲ. ದೊಡ್ಡ ಉಪಕಾರ" ಎಂದು ನನ್ನ ಕೈ ಹಿಡಿದುಕೊಂಡರು.

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಉಪಕಾರ ನನ್ನದಲ್ಲ, ತಪ್ಪು ನನ್ನದು ಎಂದು ಅಲ್ಲಿಯಾದರೂ ಹೇಳಬಹುದಿತ್ತು. ಆಕೆ ಅಲ್ಲಿರಲಿಲ್ಲ, ಅಡ್ಡಿ ಏನೂ ಇರಲಿಲ್ಲ. ಬಸ್ಸು ಬಂತು. ಹತ್ತಿದೆ. ಅವರು ಕಿಟಕಿಯ ಬಳಿ ಬಂದು, ಜೋಪಾನ ಸಾರ್ ಎಂದರು. ಇದನ್ನು ಮನೆಗೆ ಬಂದ ಸಂಜೆಯೇ ಬರೆದಿಟ್ಟೆ, ಏಕೆಂದರೆ ಇನ್ನೊಂದು ವರ್ಷ ಬಿಟ್ಟರೆ ನಾನು ಅಲ್ಲಿ ಎಲ್ಲವನ್ನೂ ಹೇಳಿದೆ ಎಂದು ನನಗೆ ನೆನಪಾಗಿಬಿಡುತ್ತದೆ.