ನೀಲಮ್ಮನ ಫೋಟೋ ನೋಡಲು ಕಲಬುರಗಿಗೆ

ದೀಪಾವಳಿ ಮುಗಿದ ಮರುವಾರ, ಶನಿವಾರ ಬೆಳಗಿನ ಎಂಟೂವರೆಗೆ, ನಾನೂ ನೀಲಮ್ಮನೂ ಕಮಲಾಪುರದಲ್ಲಿ ಬೀದರ್ ಕಡೆಯಿಂದ ಬಂದ ಬಸ್ಸು ಹತ್ತಿದೆವು. ಕಲಬುರಗಿ ಇಲ್ಲಿಂದ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಕಂಡಕ್ಟರು ನನ್ನ ಕಾರ್ಡು ನೋಡಿ, ನನ್ನ ಮುಖ ನೋಡಿ, ಮತ್ತೆ ಕಾರ್ಡು ನೋಡಿದ. ಆ ಫೋಟೋ ನಾನು ತೆಗೆದದ್ದಲ್ಲ ಎಂದು ಹೇಳಿ ನನ್ನ ಮರ್ಯಾದೆ ಉಳಿಸಿಕೊಂಡೆ.

ಮರ್ಯಾದೆಯ ಮಾತು ಯಾಕೆಂದರೆ ನಾನು ಕಮಲಾಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಫೋಟೋ ಸ್ಟುಡಿಯೊ ನಡೆಸುತ್ತಿದ್ದೇನೆ. ಸುಜಾತಾ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಫೋಟೋ ಸುಜಾತಾ ಎಂದರೆ ಮನೆಯವರೆಗೂ ಬಿಟ್ಟು ಹೋಗುತ್ತಾರೆ. ತಾಲ್ಲೂಕಿನ ಅರ್ಧ ಜನರ ಪಾಸ್‌ಪೋರ್ಟ್ ಅಳತೆಯ ಮುಖ ನನ್ನ ಕಂಪ್ಯೂಟರಿನಲ್ಲಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ನನ್ನ ಚಿತ್ರ ಯಾವ ಗೋಡೆಯ ಮೇಲೂ ಏರಿರಲಿಲ್ಲ. ಈ ಸಲ ಏರಿತ್ತು. ಕಲಬುರಗಿಯ ಕಲಾವಿದರ ಬಳಗವೊಂದು ನಡೆಸುವ ಹತ್ತು ದಿನದ ಉತ್ಸವದಲ್ಲಿ, ಛಾಯಾಚಿತ್ರಗಳ ವಿಭಾಗಕ್ಕೆ ನಾನು ಕಳಿಸಿದ್ದ ಒಂದೇ ಚಿತ್ರ ಆಯ್ಕೆಯಾಗಿತ್ತು. ಅಷ್ಟೇ ಅಲ್ಲ, ಮೊದಲ ಮೂರರಲ್ಲಿತ್ತು. ಭಾನುವಾರ ಸಂಜೆ ಐದಕ್ಕೆ ವೇದಿಕೆಯ ಮೇಲೆ ಪ್ರಶಸ್ತಿ ಪತ್ರ ಕೊಡುತ್ತೇವೆಂದು ಫೋನು ಬಂದಾಗ ನಾನು ಸ್ಟುಡಿಯೊದ ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕಿದ್ದೆ.

ಆ ಚಿತ್ರದಲ್ಲಿದ್ದವಳೇ ನೀಲಮ್ಮ. ಬಸ್ ನಿಲ್ದಾಣದ ಪಕ್ಕದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಒಂದು ಸಂತೆಯ ದಿನ, ಸೂರ್ಯ ಇಳಿಯುವ ಹೊತ್ತಿಗೆ, ಮುಂದೆ ನಾಲ್ಕಾರು ಕಪ್ಪಾದ ಹಣ್ಣು ಇಟ್ಟುಕೊಂಡು ಆಕೆ ದೂರ ನೋಡುತ್ತ ಕೂತಿದ್ದಳು. ಬೆಳಕು ಮುಖದ ಒಂದು ಪಕ್ಕಕ್ಕೆ ಮಾತ್ರ ಬಿದ್ದಿತ್ತು. ಒಂದು ಫೋಟೋ ತೆಗೆಯಲೇ ಎಂದು ಕೇಳಿದ್ದೆ, ಆಕೆ ಹೂಂ ಎಂದು ಕೈಯಾಡಿಸಿದ್ದಳು. ಅದು ಪ್ರದರ್ಶನಕ್ಕೆ ಹೋದದ್ದು ಆಕೆಗೆ ಗೊತ್ತಿರಲಿಲ್ಲ. ಕಲಬುರಗಿಯಲ್ಲಿ ಒಂದು ತಮಾಷೆ ತೋರಿಸುತ್ತೇನೆ ಬಾ ಎಂದಷ್ಟೇ ಹೇಳಿ ಹೊರಡಿಸಿದ್ದೆ. ಬರುವಾಗ ಆಕೆ ಬರಿಗೈಲಿ ಬರಲಿಲ್ಲ, ಹೊಲದಿಂದ ಆರಿಸಿ ತಂದ ಮೂರು ಚಿಪ್ಪು ಹಣ್ಣನ್ನು ಬುಟ್ಟಿಯಲ್ಲಿಟ್ಟು ಮಡಿಲಲ್ಲೇ ಹಿಡಿದುಕೊಂಡಿದ್ದಳು.

ದಾರಿಯುದ್ದಕ್ಕೂ ತೊಗರಿ ಹೂವು ಬಿಟ್ಟಿತ್ತು. ಕಿಟಕಿಯಿಂದ ಬರುವ ಗಾಳಿ ಸೆರಗು ಹೊದ್ದುಕೊಳ್ಳುವಷ್ಟು ತಣ್ಣಗಿತ್ತು. ಮಹಾಗಾಂವ ಕ್ರಾಸಿನಲ್ಲಿ ಕಾಲೇಜು ಹುಡುಗಿಯರು ತುಂಬಿಕೊಂಡರು, ಬುಟ್ಟಿಗೆ ಯಾರ ಮೊಣಕೈ ತಗುಲಿದರೂ ನೀಲಮ್ಮ ಅವರನ್ನು ದುರುಗುಟ್ಟಿ ನೋಡಿದಳು. ಒಂದೂಕಾಲು ತಾಸಿನಲ್ಲಿ ಕಲಬುರಗಿ ಮುಟ್ಟಿದೆವು.

ಮೊದಲು ರೋಜಾಕ್ಕೆ, ಅಂದರೆ ದರ್ಗಾಕ್ಕೆ, ಹೋಗಬೇಕೆಂದು ನೀಲಮ್ಮ ಪಟ್ಟು ಹಿಡಿದಳು. ಶೇರ್ ಆಟೋದಲ್ಲಿ ತಲೆಗೆ ಇಪ್ಪತ್ತು ರೂಪಾಯಿ. ದರ್ಗಾದ ದಾರಿಯಲ್ಲಿ ಹೂವಿನ ಚಾದರ, ಅತ್ತರು ಮಾರುವ ಮಹಬೂಬ್ ಭಾಯಿ ಆಕೆಯ ಹಳೆಯ ಗಿರಾಕಿ. ಬೀದರಿಗೆ ಹೋಗಿ ಬರುವಾಗೆಲ್ಲ ಕಮಲಾಪುರದಲ್ಲಿ ಇಳಿದು ಆಕೆಯ ಹಣ್ಣು ಒಯ್ಯುತ್ತಾನೆ. ನಮ್ಮನ್ನು ಕಂಡು ಸ್ಟೂಲು ಹಾಕಿಸಿದ, ಚಾ ತರಿಸಿದ. ಒಂದು ಚಿಪ್ಪು ಹಣ್ಣು ಕೊಟ್ಟರೆ ಕಣ್ಣಿಗೊತ್ತಿಕೊಂಡು ಒಳಗಿಟ್ಟ.

"ಕಮಲಾಪುರದಾಗ ಇಳದ್ರ ನಾ ಇವರ ಬುಟ್ಟಿ ಬಿಟ್ಟು ಬ್ಯಾರೆ ಕಡಿ ನೋಡಂಗಿಲ್ರೀ," ಎಂದು ನನಗೆ ಹೇಳಿದ. "ಆಂಖ್ ಬಂದ್ ಮಾಡಿ ತಗೋತೀನಿ. ಇಷ್ಟ್ ವರ್ಷದಾಗ ಒಂದ್ ಹಣ್ಣ ಖರಾಬ್ ಬಂದಿಲ್ಲ."

ನನಗೆ ಬಾಯಿ ತಡೆಯಲಿಲ್ಲ. ನೀಲಮ್ಮ ಪಕ್ಕದ ಅಂಗಡಿಯಲ್ಲಿ ಬಳೆ ನೋಡುತ್ತಿದ್ದಾಗ, ಇವಳ ದೊಡ್ಡ ಫೋಟೋ ಪ್ರದರ್ಶನದಲ್ಲಿದೆ, ನಾನೇ ತೆಗೆದದ್ದು, ನಾಳೆ ಸಂಜೆ ಬರಬೇಕು ಎಂದು ಅವನನ್ನು ಕರೆದೆ. ಮನೆಮಂದಿಯನ್ನೆಲ್ಲ ಕರಕೊಂಡು ಬರುತ್ತೇನೆ ಎಂದು ಆತ ಮಾತು ಕೊಟ್ಟ.

ಮಧ್ಯಾಹ್ನ ಉತ್ಸವದ ಆವರಣ ಸೇರಿದೆವು. ಒಳಗೆ ಹೋಗಲು ಹತ್ತು ರೂಪಾಯಿ. ಬೇವಿನ ಮರಗಳ ಕೆಳಗೆ ಪುಸ್ತಕದ ಮಳಿಗೆಗಳು, ಒಂದು ಪಕ್ಕ ಮಣ್ಣಿನ ಗಡಿಗೆ ಮಾಡುವವರು, ಇನ್ನೊಂದು ಪಕ್ಕ ಮಂಡಕ್ಕಿ ಸುಸಲಾ ಮತ್ತು ಮಿರ್ಚಿ ಭಜಿ ಮಾರುವವರು. ಬಯಲು ವೇದಿಕೆಯಲ್ಲಿ ಸಂಜೆಯ ನಾಟಕಕ್ಕೆ ಪರದೆ ಕಟ್ಟುತ್ತಿದ್ದರು. ಚಿತ್ರಕಲೆಯ ಸಭಾಂಗಣದಲ್ಲಿ ನೀಲಮ್ಮ ಯಾವ ಸಂಕೋಚವೂ ಇಲ್ಲದೆ ತಿರುಗಾಡಿದಳು. ಬರೀ ಬಣ್ಣದ ಪಟ್ಟೆಗಳಿದ್ದ ಒಂದು ದೊಡ್ಡ ಚಿತ್ರದ ಮುಂದೆ ನಿಂತು, ಇದು ಇನ್ನೂ ಮುಗಿದಿಲ್ಲವೇನೋ ಎಂದು ಅಲ್ಲಿದ್ದ ಕಲಾವಿದನನ್ನೇ ಕೇಳಿದಳು. ಪಾಪ, ಆತ ಒಪ್ಪಿಕೊಂಡ. ತಟ್ಟೆಯಲ್ಲಿ ಬಾಳೆಹಣ್ಣಿಟ್ಟು ಬಿಡಿಸಿದ ಇನ್ನೊಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಈ ಹಣ್ಣು ತಿನ್ನಲು ಇನ್ನೂ ಎರಡು ದಿನ ಬೇಕು ಎಂದಳು. ಛಾಯಾಚಿತ್ರಗಳ ಕೋಣೆಯನ್ನು ನಾನು ಬೇಕೆಂದೇ ಮರುದಿನಕ್ಕೆ ಉಳಿಸಿದೆ. ನಾಟಕ ಶುರುವಾಗುವ ಮುಂಚೆಯೇ ಊರೊಳಗೇ ಗಾಜಿಪುರ ಓಣಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿ ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದೆವು. ಎರಡನೆಯ ಚಿಪ್ಪು ತಂಗಿಗೆ ಹೋಯಿತು.

ಭಾನುವಾರ ಹನ್ನೊಂದಕ್ಕೆ ಆಕೆಯ ಕೈ ಹಿಡಿದು ಆ ಕೋಣೆಗೆ ಕರೆದೊಯ್ದೆ. ಬಾಗಿಲಿಗೆ ಎದುರಾದ ಗೋಡೆಯ ನಟ್ಟನಡುವೆ ನನ್ನ ಚಿತ್ರ ಇತ್ತು. ಮೂರಡಿ ಅಗಲ, ಕಪ್ಪು ಚೌಕಟ್ಟು, ಮೇಲಿನಿಂದ ದೀಪ. ಕೆಳಗೆ ನನ್ನ ಹೆಸರು, ಚಿತ್ರದ ಹೆಸರು 'ಮಾರದೆ ಉಳಿದದ್ದು'. ಆ ಹೆಸರಿಗಾಗಿ ನಾನು ಮೂರು ದಿನ ತಲೆ ಕೆಡಿಸಿಕೊಂಡಿದ್ದೆ.

ನೀಲಮ್ಮ ಮೊದಲು ತನ್ನ ಸೀರೆ ಗುರುತು ಹಿಡಿದಳು. ಬಾಯಿ ಮೇಲೆ ಸೆರಗು ಹಿಡಿದು ನಕ್ಕಳು. ಆಮೇಲೆ ಹತ್ತಿರ ಹೋದಳು, ನಗು ನಿಂತಿತು. ಬೆರಳು ಚಿತ್ರದ ಕೆಳಗಿನ ಕಪ್ಪು ಹಣ್ಣುಗಳ ಮೇಲೆ ಹೋಯಿತು.

"ಇವನ್ಯಾಕ ತಗದಿ?" ಎಂದು ಕೇಳಿದಳು. "ಇವು ಮಾರೂ ಹಣ್ಣಲ್ಲ. ಆಕಳಿಗಿ ತಗದಿಟ್ಟಿದ್ದು. ಅವತ್ತ ನನ್ನ ಬುಟ್ಟಿ ನಾಕಕ್ಕೇ ಖಾಲಿ ಆಗಿತ್ತು."

ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಉಪನ್ಯಾಸಕಿ ನಾಲ್ಕು ವಿದ್ಯಾರ್ಥಿನಿಯರನ್ನು ಕರಕೊಂಡು ಬಂದು ನಮ್ಮ ಪಕ್ಕದಲ್ಲೇ ನಿಂತರು. ಇಡೀ ದಿನ ಕೂತರೂ ಈ ಹೆಂಗಸಿನ ಹಣ್ಣು ಯಾರೂ ಕೊಂಡಿಲ್ಲ, ಕೊಳೆಯುವವರೆಗೆ ಕೂತಿದ್ದಾಳೆ, ಆ ಕಣ್ಣಿನಲ್ಲಿ ಎಷ್ಟು ಹತಾಶೆ ಇದೆ ನೋಡಿ ಎಂದು ವಿವರಿಸಿದರು. ನಿಜ ಹೇಳುತ್ತೇನೆ, ನಿನ್ನೆಯವರೆಗೆ ಯಾರಾದರೂ ಹೀಗೆ ವಿವರಿಸಿದ್ದರೆ ನಾನು ಹಿಗ್ಗುತ್ತಿದ್ದೆ. ಅವರು ಹೇಳಿದ್ದೆಲ್ಲ ನಾನು ಚಿತ್ರದ ಜೊತೆ ಬರೆದು ಕಳಿಸಿದ್ದೇ ಆಗಿತ್ತು.

"ಅವತ್ತ ಬಸ್ ತಡ ಆಗಿತ್ರೀ," ಎಂದಳು ನೀಲಮ್ಮ. "ಬಸ್ಸಿನ ದಾರಿ ನೋಡಾಕತ್ತಿದ್ದೆ."

ಉಪನ್ಯಾಸಕಿ ಆಕೆಯನ್ನು ನೋಡಿದರು, ಚಿತ್ರ ನೋಡಿದರು, ಮುಖ ಕೆಂಪಾಯಿತು. ನೀಲಮ್ಮ ಬುಟ್ಟಿಯಿಂದ ಕೊನೆಯ ಚಿಪ್ಪು ತೆಗೆದು, ಒಂದು ಹಣ್ಣು ಮುರಿದು ಅವರ ಕೈಗಿಟ್ಟಳು. ಒಳಗೆ ತಿನ್ನುವಂತಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ಅವರು ಅದರ ಕೆಳಗೇ ನಿಂತು ಸುಲಿದು ತಿಂದರು, ವಿದ್ಯಾರ್ಥಿನಿಯರಿಗೂ ಕೊಟ್ಟರು. ಬಹಳ ಚೆನ್ನಾಗಿದೆ ಎಂದು ಎರಡು ಸಲ ಹೇಳಿ, ಕ್ಷಮೆ ಕೇಳಿ ಹೋದರು.

ಅವರು ಹೋದ ಮೇಲೆ ನೀಲಮ್ಮ ಚಿತ್ರ ಇಳಿಸು ಎಂದಳು. ಸಂಜೆ ಮಹಬೂಬ್ ಭಾಯಿಯನ್ನು ಕರೆದಿದ್ದೇನೆಂದು ನಾನು ಆಗ ಒಪ್ಪಿಕೊಳ್ಳಬೇಕಾಯಿತು. ಆಕೆಯ ಮುಖ ಇನ್ನೂ ಬಿಗಿಯಾಯಿತು. ಕೆಟ್ಟ ಹಣ್ಣು ಮುಂದಿಟ್ಟುಕೊಂಡು ಕೂತ ತನ್ನನ್ನು ಆತ ನೋಡಿದರೆ ಇನ್ನು ಮೇಲೆ ಕಣ್ಣು ಮುಚ್ಚಿ ಯಾಕೆ ಕೊಳ್ಳುತ್ತಾನೆ ಎಂದು ಕೇಳಿದಳು. ನಾನು ಬೇರೆ ದಾರಿ ಹುಡುಕಿದೆ. ಹೆಸರು ಬದಲಿಸೋಣ, 'ಬಸ್ಸಿನ ದಾರಿ' ಎಂದು ಬರೆಸೋಣ ಎಂದೆ.

"ಬರದಿದ್ದು ಎಷ್ಟ್ ಮಂದಿ ಓದ್ತಾರ? ಹಣ್ಣ ಎಲ್ಲಾರೂ ನೋಡ್ತಾರ."

ಇದು ಕಲೆ, ನಿನ್ನಂಥವರ ಕಷ್ಟ ನಾಲ್ಕು ಜನಕ್ಕೆ ತಿಳಿಯಲಿ ಎಂದು ಮಾಡಿದ್ದು ಎಂದೆ.

"ನಂಗೇನ್ ಆಗ್ಯದ?" ಎಂದಳು.

ಸಂಘಟಕರನ್ನು ಹುಡುಕಿಕೊಂಡು ಹೋದೆ. ಜುಬ್ಬಾ ಹಾಕಿದ ಹಿರಿಯ ಚಿತ್ರಕಾರರು, ಸಮಾಧಾನದ ಮನುಷ್ಯ. ಚಿತ್ರ ನಿಮ್ಮದು, ಇಳಿಸುವುದೂ ನಿಮಗೆ ಬಿಟ್ಟದ್ದು ಎಂದರು. ಆದರೆ ಗೋಡೆಯ ಮೇಲೆ ಇಲ್ಲದ ಚಿತ್ರಕ್ಕೆ ಪತ್ರ ಕೊಡುವಂತಿಲ್ಲ, ಅದು ನಾಲ್ಕನೆಯವರಿಗೆ ಹೋಗುತ್ತದೆ, ಐದರ ತನಕ ತಡೆದರೆ ಎರಡೂ ಆದೀತು ಎಂದರು. ಭಾಯಿ ಎಷ್ಟು ಹೊತ್ತಿಗೆ ಬರುತ್ತಾನೋ ಯಾರಿಗೆ ಗೊತ್ತು.

ನನಗೆ ಸಿಟ್ಟು ಬಂತು, ಮುಚ್ಚಿಡುವುದೇನು. ಹೊರಗೆ ಬಂದು ಒಂದು ತಟ್ಟೆ ಮಿರ್ಚಿ ತೆಗೆದುಕೊಂಡು ಬೇವಿನ ಕಟ್ಟೆಯ ಮೇಲೆ ಕೂತೆ. ಇಪ್ಪತ್ತೆರಡು ವರ್ಷ ಗದ್ದ ಎತ್ತಿ, ಕಣ್ಣು ಬಿಡಿ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವಳು ನಾನು. ಒಂದು ಪತ್ರ ಸಿಗುವ ದಿನ ನಾಲ್ಕು ಬಾಳೆಹಣ್ಣು ಅಡ್ಡ ಬಂದವಲ್ಲ ಎಂದು ಹಲ್ಲು ಕಡಿದೆ. ಆಕೆಗೆ ಬೆಳಕಿನ ಬಗ್ಗೆ ಏನು ಗೊತ್ತು ಎಂದುಕೊಂಡೆ. ಚಿತ್ರ ನಿಜಕ್ಕೂ ಚೆನ್ನಾಗಿತ್ತು, ಈಗಲೂ ಹೇಳುತ್ತೇನೆ.

ಮಿರ್ಚಿ ಖಾರವಾಗಿತ್ತು. ನೀರು ಕುಡಿಯುತ್ತ ನನ್ನ ಅಂಗಡಿ ನೆನಪಾಯಿತು. ಅಲ್ಲಿ ಗಿರಾಕಿ ಪರದೆಯ ಮೇಲೆ ತನ್ನ ಮುಖ ನೋಡಿ ಆಯಿತು ಎನ್ನದೆ ನಾನು ಒಂದು ಪ್ರಿಂಟನ್ನೂ ಹೊರಗೆ ಕೊಟ್ಟವಳಲ್ಲ. ಮದುವೆಗೆ ಹುಡುಗಿ ತೋರಿಸುವ ಫೋಟೋ ಒಂದನ್ನು ಒಂಬತ್ತು ಸಲ ತೆಗೆದಿದ್ದೇನೆ, ಮೇಲೆ ಒಂದು ರೂಪಾಯಿ ಕೇಳಿಲ್ಲ. ಈ ವಿಷಯದಲ್ಲಿ ನನಗೆ ಸೊಕ್ಕು ಕೂಡ ಇದೆ. ನೀಲಮ್ಮನಿಗೆ ಮಾತ್ರ ತೋರಿಸಿರಲಿಲ್ಲ. ಯಾಕೆ ಎಂದು ಕೇಳಿಕೊಂಡೆ. ಹೇಗಿದ್ದರೂ ಬೀದಿಯಲ್ಲಿ ಕೂತು ಮಾರುವವಳು, ಆಕೆಗೇನು ತೋರಿಸುವುದು ಎಂದು ನನ್ನೊಳಗೆ ಎಲ್ಲೋ ಇತ್ತು. ನಾಚಿಕೆಯಾಯಿತು. ನಮ್ಮವ್ವ ಹೊಲದ ಕೂಲಿಗೆ ಹೋಗಿ ಬರುವಾಗ ಯಾರಾದರೂ ಪಾಪ ಎಂದರೆ ಎಷ್ಟು ಉರಿದು ಬೀಳುತ್ತಿದ್ದಳು ಎಂಬುದು ನನಗೆ ಗೊತ್ತಿರಬೇಕಿತ್ತು.

ಒಳಗೆ ಹೋದರೆ ನೀಲಮ್ಮ ಚಿತ್ರದ ನೇರ ಕೆಳಗೆ, ಗೋಡೆಗೆ ಒರಗಿ ಕೂತಿದ್ದಳು. ಚಿತ್ರ ನೋಡಲು ಬಂದವರೆಲ್ಲ ಮೊದಲು ಆಕೆಯನ್ನು ನೋಡಿ, ಆಮೇಲೆ ಮೇಲೆ ನೋಡುತ್ತಿದ್ದರು. ಆಕೆ ಒಬ್ಬೊಬ್ಬರ ಕೈಗೂ ಒಂದು ಹಣ್ಣಿಟ್ಟು, ಚಿತ್ರದಲ್ಲಿರುವುದು ಆಕಳ ಹಣ್ಣು ಎಂದು ತಾಳ್ಮೆಯಿಂದ ಹೇಳುತ್ತಿದ್ದಳು. ನಾನು ಕುರ್ಚಿ ತರಿಸಿ, ಹತ್ತಿ, ಚೌಕಟ್ಟನ್ನು ಮೊಳೆಯಿಂದ ಬಿಡಿಸಿದೆ. ಕೆಳಗಿನಿಂದ ನೀಲಮ್ಮ ಹಿಡಿದುಕೊಂಡಳು. ಆಗ ಮೂರು ಗಂಟೆ. ಸಂಘಟಕರು ಹಳೆಯ ಪತ್ರಿಕೆಗಳನ್ನು ಸುತ್ತಿ ಕಟ್ಟಿಕೊಟ್ಟು, ಮುಂದಿನ ವರ್ಷ ಕಳಿಸಿರಿ ಮೇಡಂ ಎಂದರು. ಕಳಿಸದೆ ಬಿಡುತ್ತೇನೆಯೇ ಎಂದೆ. ಭಾಯಿ ಬಂದರೆ ಖಾಲಿ ಗೋಡೆ ನೋಡುತ್ತಾನಲ್ಲ ಎಂದು ದಾರಿಯಲ್ಲಿ ನೆನಪಿಸಿದರೆ, ನೋಡಲಿ ಎಂದಳು ನೀಲಮ್ಮ.

ಬಸ್ ನಿಲ್ದಾಣಕ್ಕೆ ಆಟೋದವನು ಚೌಕಟ್ಟು ನೋಡಿ ಮೂವತ್ತು ಹೆಚ್ಚು ಕೇಳಿದ, ಇಪ್ಪತ್ತಕ್ಕೆ ಒಪ್ಪಿಸಿದೆ. ನಾಲ್ಕೂಕಾಲಿಗೆ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಸಿಕ್ಕಿತು. ಚೌಕಟ್ಟನ್ನು ಕಾಲ ಮುಂದೆ ನಿಲ್ಲಿಸಿ ಇಬ್ಬರೂ ಒಂದೊಂದು ತುದಿ ಹಿಡಿದು ಕೂತೆವು. ಐದು ಗಂಟೆಗೆ ಮೊಬೈಲಿನಲ್ಲಿ ಹೊತ್ತು ನೋಡಿದೆ, ವೇದಿಕೆಯ ಮೇಲೆ ಈಗ ನಾಲ್ಕನೆಯವರ ಹೆಸರು ಕೂಗುತ್ತಿರಬೇಕು ಎಂದುಕೊಂಡೆ. ನೀಲಮ್ಮ ಬುಟ್ಟಿಯ ತಳದಿಂದ ಉಳಿದಿದ್ದ ಎರಡು ಹಣ್ಣು ತೆಗೆದು ಒಂದು ನನಗೆ ಕೊಟ್ಟಳು. ತಿಂದೆ. ಬೆಣ್ಣೆಯ ಹಾಗಿತ್ತು.

ಕಮಲಾಪುರದಲ್ಲಿ ಇಳಿದಾಗ ಹೊತ್ತು ವಾಲಿತ್ತು. ಆಕೆ ಕೂರುವ ಜಾಗದ ಮೇಲೆ, ಖಾಲಿ ಗೋಣಿಚೀಲದ ಮೇಲೆ, ಆ ದಿನದಂಥದೇ ಬೆಳಕು ಬಿದ್ದಿತ್ತು. ಅಭ್ಯಾಸಬಲ, ನನ್ನ ಕೈ ಕ್ಯಾಮೆರಾದ ಚೀಲಕ್ಕೆ ಹೋಯಿತು. ನೀಲಮ್ಮ ಅದನ್ನು ಕಂಡು, ಚೌಕಟ್ಟಿನ ತನ್ನ ತುದಿಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡಳು.

"ಬರೋ ಸಂತಿಗಿ ಬಾ," ಎಂದಳು. "ಮುಂಜಾನಿ ಬಾ. ಸಂಜಿಮುಂದ ನನ್ನ ಬಲ್ಲಿ ಏನೂ ಉಳ್ದಿರಂಗಿಲ್ಲ."